ಅತ್ತೆ ನುಂಗಿದ ಕ್ರೀಮು

ಕಪ್ಪು ಚಾಕೊಲೇಟ್ ಬಿಸ್ಕತ್ತನ್ನು ಕವರಿನಲ್ಲಿ ಹಾಕಿ ಲಟ್ಟಣಿಗೆಯಿಂದ ಕುಟ್ಟಿದರೆ ಒಂದು ವಾಸನೆ ಏಳುತ್ತದೆ. ಸಿಹಿ ಆಮೇಲೆ ಬರುತ್ತದೆ. ಮೊದಲು ಮೂಗಿಗೆ ತಟ್ಟುವುದು ಸುಟ್ಟಂಥ, ಕಹಿಯಂಥ ಕೋಕೋ. ಕಳೆದ ಭಾನುವಾರ ಬೆಳಿಗ್ಗೆ ಆ ವಾಸನೆ ಬಂದದ್ದೇ ತಡ, ನನ್ನ ಕೈ ನಿಂತುಬಿಟ್ಟಿತು. ನಮ್ಮ ಮನೆಯಲ್ಲಿ ಆ ಬಿಸ್ಕತ್ತನ್ನು ಕುಟ್ಟಿ ವರ್ಷಗಳೇ ಆಗಿದ್ದವು.

ಕೇಳಿದ್ದು ಮಗಳು ಸಿರಿ. "ಅಮ್ಮ, ಈ ಸಲ ಬರ್ತ್‌ಡೇಗೆ ಬೇಕರಿ ಕೇಕ್ ಬೇಡ. ನಾನು ಚಿಕ್ಕೋಳಿದ್ದಾಗ ಮಾಡ್ತಿದ್ಯಲ್ಲ, ಮಧ್ಯ ಕುಕೀಸ್ ಅಂಡ್ ಕ್ರೀಮ್ ಹಾಕಿ, ಅದನ್ನೇ ಮಾಡು." ಕೇಳುವಾಗ ಅವಳು ನನ್ನ ಮುಖ ನೋಡಲಿಲ್ಲ. ಅವಳಿಗೂ ಎಲ್ಲ ಗೊತ್ತು.

ಈ ಫಿಲ್ಲಿಂಗ್ ಮಾಡುವುದು ಬ್ರಹ್ಮವಿದ್ಯೆಯೇನಲ್ಲ. ಕ್ರೀಮು ಚೆನ್ನಾಗಿ ತಣ್ಣಗಿರಬೇಕು. ಸಕ್ಕರೆ ಪುಡಿ ಸೇರಿಸಿ ಬೀಟರಿನಲ್ಲಿ ಹೊಡೆಯುತ್ತಾ ಹೋದರೆ ಉಬ್ಬುತ್ತದೆ. ಆಮೇಲೆ ಬಿಸ್ಕತ್ತಿನ ಪುಡಿಯನ್ನು, ನಾಲ್ಕು ಚೂರು ದಪ್ಪಗೇ ಬಿಟ್ಟು, ಮೆಲ್ಲಗೆ ಬೆರೆಸಬೇಕು. ಇಷ್ಟನ್ನು ಕಲಿಯಲು ನಾನು ಫೋನಿನಲ್ಲಿ ಎಷ್ಟು ವಿಡಿಯೊ ನೋಡಿದ್ದೆ ಎಂದು ಹೇಳಿದರೆ ನೀವು ನಗುತ್ತೀರಿ. ನನ್ನ ಮೊದಲ ಕೇಕನ್ನು ನಮ್ಮ ಮನೆಯವರು ಎರಡು ಕೈಯಲ್ಲಿ ಎತ್ತಿ ನೋಡಿ, "ಇದನ್ನ ಕಾಂಪೌಂಡ್ ಕಟ್ಟೋಕೆ ಇಟ್ಕೊಳ್ಳೋಣ" ಅಂದಿದ್ದರು. ಆಗ ಅವರು ಇಂಥ ತಮಾಷೆಗಳನ್ನು ಮಾಡುತ್ತಿದ್ದರು.

ಅವರ ತಾಯಿ, ಅಂದರೆ ನನ್ನ ಅತ್ತೆ ಪಿಳ್ಳಮ್ಮ, ಪುಟ್ಟೇನಹಳ್ಳಿ ಕೆರೆ ಹಿಂದಿನ ಹೊಲದಲ್ಲಿ ರಾಗಿ ಬೆಳೆದವರು. ಹೊಲ ಸೈಟುಗಳಾಗಿ, ಸೈಟುಗಳು ಮೂರಂತಸ್ತಿನ ಮನೆಗಳಾದ ಮೇಲೂ ಅವರು ಬಿಟ್ಟಿರದ ಒಂದೇ ವಸ್ತು ಮುದ್ದೆ. ನಾನು ಧಾರವಾಡದ ಕಡೆಯವಳು, ರೊಟ್ಟಿ ಕಡಿದು ಬೆಳೆದ ಬಾಯಿ. ಮದುವೆಯಾಗಿ ಬಂದ ಹೊಸತರಲ್ಲಿ ಮುದ್ದೆಯನ್ನು ಅಗಿಯಲು ಹೋಗಿ ಹಲ್ಲಿಗೆಲ್ಲ ಮೆತ್ತಿಸಿಕೊಂಡು ಕೂತಿದ್ದೆ. ಅತ್ತೆ ಸೆರಗು ಬಾಯಿಗೆ ಅಡ್ಡ ಹಿಡಿದು ನಕ್ಕರು.

"ಅಗೀಬ್ಯಾಡ ಕಣಮ್ಮ. ಸಾರಲ್ಲಿ ಅದ್ದು, ನುಂಗು. ಗಂಟ್ಲು ಐತಲ್ಲ, ಅದ್ರ ಕೆಲ್ಸ ಅದು ಮಾಡ್ತೈತೆ."

ಅಂಥವರಿಗೇ ಗಂಟಲು ಕೈಕೊಟ್ಟಿತು. ಮೊದಲು ಮುದ್ದೆ ಎದೆಯ ಹತ್ತಿರ ನಿಲ್ಲುತ್ತದೆ ಅಂದರು. ರಾಗಿ ಸರಿಯಿಲ್ಲ ಅಂದರು, ಮಿಲ್ಲಿನವನು ಏನೋ ಬೆರೆಸಿದ್ದಾನೆ ಅಂದರು, ಕೊನೆಗೆ ನಾನು ತೊಳಸುವುದೇ ಸರಿಯಿಲ್ಲ ಅಂದರು. ನಾನು ಮುನಿಸಿಕೊಂಡು ಎರಡು ದಿನ ಮಾತು ಬಿಟ್ಟೆ. ಅಷ್ಟರಲ್ಲಿ ಅನ್ನವೂ ನಿಲ್ಲತೊಡಗಿತು. ಆಸ್ಪತ್ರೆಯಲ್ಲಿ ಒಳಗೆ ಟ್ಯೂಬ್ ಬಿಟ್ಟು ನೋಡಿ, ಅನ್ನನಾಳದಲ್ಲಿ ಗಡ್ಡೆ ಇದೆ, ಒಳ್ಳೆಯ ಜಾತಿಯದಲ್ಲ ಎಂದರು. ಕರೆಂಟ್, ಅಂದರೆ ರೇಡಿಯೇಶನ್, ಕೊಡಿಸಿದ್ದಾಯಿತು. ಕೂದಲು ಉಳಿಯಿತು, ಮೈ ಇಳಿಯಿತು. ಬಳೆಗಳು ಮೊಣಕೈವರೆಗೆ ಜಾರುತ್ತಿದ್ದವು.

ರೋಗಿಯ ಮನೆ ಹೇಗಿರುತ್ತದೆಂದು ನಿಮಗೆ ಗೊತ್ತಿರಬಹುದು. ಉಣ್ಣಲಾಗದವರ ಮನೆ ಬೇರೆಯೇ. ನಾವೆಲ್ಲ ಕದ್ದು ಉಣ್ಣತೊಡಗಿದೆವು. ಸಿರಿ ಟಿಫನ್ ಡಬ್ಬಿಯನ್ನು ಮಹಡಿ ಮೆಟ್ಟಿಲ ಮೇಲೆ ಕೂತು ಖಾಲಿ ಮಾಡುತ್ತಿದ್ದಳು. ನಮ್ಮ ಮನೆಯವರು ಹೊರಗೇ ತಿಂದು ಬಂದು "ಹಸಿವಿಲ್ಲ" ಅನ್ನುತ್ತಿದ್ದರು. ನಾನು ಒಗ್ಗರಣೆ ಹಾಕುವುದನ್ನೇ ನಿಲ್ಲಿಸಿದ್ದೆ. ಬರೀ ಬೇಯಿಸಿದ ಸಪ್ಪೆ ಸಾರು. ಒಂದು ದಿನ ಅತ್ತೆ ಗೋಡೆ ಹಿಡಿದುಕೊಂಡು ಅಡುಗೆಮನೆ ಬಾಗಿಲಿಗೆ ಬಂದು ನಿಂತರು.

"ಯಾಕಮ್ಮ, ಮನೇಲಿ ಸೂತ್ಕಾನಾ? ಒಗ್ಗರಣೆ ಆಕು. ವಾಸ್ನೇನಾದ್ರೂ ಉಣ್ತೀನಿ."

ಅವತ್ತು ಹಾಕಿದ ಬೆಳ್ಳುಳ್ಳಿ ಒಗ್ಗರಣೆಯ ಮುಂದೆ ಅವರು ಕಣ್ಣು ಮುಚ್ಚಿ ನಿಂತದ್ದನ್ನು ನಾನು ಮರೆಯಲಾರೆ.

ಆ ತಿಂಗಳಲ್ಲೇ ಸಿರಿಯ ಹುಟ್ಟುಹಬ್ಬ. ಬೇಡವೆಂದುಕೊಂಡಿದ್ದೆವು. "ಮಗೀಗೆ ಯಾಕೆ ಶಿಕ್ಷೆ?" ಎಂದು ಅತ್ತೆಯೇ ಬೈದು ಕೇಕು ಮಾಡಿಸಿದರು. ನಾನು ಫಿಲ್ಲಿಂಗ್ ಬೆರೆಸುತ್ತಿದ್ದಾಗ ಪಾತ್ರೆಯೊಳಗೆ ಇಣುಕಿ, "ಇದೇನಮ್ಮ, ಬೆಣ್ಣೆಗೆ ಇದ್ಲು ಪುಡಿ ಬಿದ್ದಂಗೈತೆ" ಎಂದರು. ಬೆರಳ ತುದಿಯಲ್ಲಿ ತೆಗೆದು ನಾಲಿಗೆಗೆ ಹಚ್ಚಿಕೊಂಡರು. ಸ್ವಲ್ಪ ಹೊತ್ತು ಹಾಗೇ ನಿಂತು, ಇನ್ನೊಂದು ಬೆರಳು ತೆಗೆದುಕೊಂಡರು. ಆಮೇಲೆ ಒಂದು ಚಮಚ ಕೇಳಿದರು. ಅದು ಇಳಿಯಿತು. ಗಂಜಿಯೂ ಕೆಮ್ಮಿಸುತ್ತಿದ್ದ ಗಂಟಲಲ್ಲಿ ಅದು ಇಳಿಯಿತು. ನಾನು ಕೂಗಿದ ಕೂಗಿಗೆ ನಮ್ಮ ಮನೆಯವರು ಏನೋ ಅನಾಹುತವಾಯಿತೆಂದು ಓಡಿಬಂದರು.

ಅಲ್ಲಿಂದ ದಿನವೂ ಮಾಡಿದೆ. ಕೇಕಿಲ್ಲದ ಫಿಲ್ಲಿಂಗ್. ದಪ್ಪ ಚೂರು ಸಿಕ್ಕಿಕೊಳ್ಳುತ್ತದೆಂದು ಬಿಸ್ಕತ್ತನ್ನು ಮಿಕ್ಸಿಗೆ ಹಾಕಿದೆ. ಅದೂ ಕೆರೆಯತೊಡಗಿದಾಗ ಟೀ ಸೋಸುವ ಜರಡಿಯಲ್ಲಿ ಜರಡಿ ಹಿಡಿದೆ, ಆಮೇಲೆ ತೆಳು ಬಟ್ಟೆಯಲ್ಲಿ. ಪುಡಿ ನುಣ್ಣಗಾದಷ್ಟೂ ಕ್ರೀಮು ಬೂದಿಬಣ್ಣಕ್ಕೆ ತಿರುಗಿತು. ಹದಿನಾರು ವರ್ಷ ಒಂದೇ ಅಡುಗೆಮನೆಯಲ್ಲಿ ಉಪ್ಪು ಹೆಚ್ಚು ಕಡಿಮೆ ಎಂದು ಜಗಳವಾಡಿದ ನಾವಿಬ್ಬರು ಆಗ ಎದುರುಬದುರು ಕೂತು, ಒಂದು ಬಟ್ಟಲ ಮೇಲೆ ಬಗ್ಗಿ, "ಓಯ್ತಾ?" "ಓಯ್ತು" ಎಂದು ಮಾತಾಡಿಕೊಳ್ಳುತ್ತಿದ್ದೆವು. ಅವರ ಭಾಷೆಯಲ್ಲೇ ನಾನೂ ಕೇಳುತ್ತಿದ್ದೆ.

ಕೆಲವು ವಾರಗಳಲ್ಲಿ ಅದೂ ನಿಂತಿತು. ಹೊಟ್ಟೆಗೆ ನೇರವಾಗಿ ಟ್ಯೂಬ್ ಹಾಕಬೇಕು, ಬಾಯಿಂದ ಏನೂ ಕೊಡಬೇಡಿ, ಶ್ವಾಸಕೋಶಕ್ಕೆ ಹೋದರೆ ಕಷ್ಟ ಎಂದರು ಡಾಕ್ಟರು. ಅತ್ತೆ ಒಪ್ಪಲಿಲ್ಲ. "ದನಕ್ಕೆ ಗೊಟ್ಟ ಎತ್ತಿದಂಗೆ ನಂಗೆ ಉಯ್ತೀರಾ?" ಎಂದು ಅತ್ತರು. ಕಾಯಿಲೆ ಬಿದ್ದ ಎತ್ತುಗಳಿಗೆ ಬಿದಿರ ಕೊಳವೆಯಲ್ಲಿ ಔಷಧಿ ಹೊಯ್ದ ಕೈ ಅವರದು. ಮಗ ಕಾಲು ಹಿಡಿದ ಮೇಲೆ ಒಪ್ಪಿದರು.

ಹೊಟ್ಟೆ ತುಂಬುತ್ತಿತ್ತು. ಬಾಯಿ ಒಣಗುತ್ತಿತ್ತು. ಒಂದು ದಿನ ಅವರೇ ಉಪಾಯ ಹೇಳಿದರು: "ರುಚಿ ನೋಡಿ ಉಗೀತೀನಿ. ನೀನು ಬಟ್ಲು ಇಡ್ಕೊ." ಹಾಗೇ ಶುರುವಾಯಿತು. ಒಂದು ಚಮಚ ಕ್ರೀಮನ್ನು ನಾಲಿಗೆಯ ಮೇಲಿಟ್ಟುಕೊಂಡು, ಅದು ಕರಗಿ ನೀರಾಗುವವರೆಗೂ ಇಟ್ಟುಕೊಂಡು, ನಾನು ಹಿಡಿದ ಬಟ್ಟಲಿಗೆ ಉಗಿಯುತ್ತಿದ್ದರು. ನೋಡಲು ಚೆಂದದ ಕೆಲಸವಲ್ಲ. ನಮ್ಮ ಮನೆಯವರು ಆ ಹೊತ್ತಿಗೆ ಗೇಟಿನ ಹತ್ತಿರ ಹೋಗಿ ನಿಲ್ಲುತ್ತಿದ್ದರು.

ಒಂದು ಮಧ್ಯಾಹ್ನ ಅತ್ತೆ ಉಗಿಯಲಿಲ್ಲ. ನಾನು ಬಟ್ಟಲು ಮುಂದೆ ಹಿಡಿದೆ. ಅದನ್ನು ಕೈಯಿಂದ ಪಕ್ಕಕ್ಕೆ ಸರಿಸಿ, ನನ್ನನ್ನೇ ನೋಡುತ್ತಾ ನುಂಗಿದರು. ಕತ್ತಿನ ನರಗಳೆಲ್ಲ ಎದ್ದು ನಿಂತವು.

"ಓಯ್ತು ಕಣಮ್ಮ" ಎಂದರು. ಕಣ್ಣಲ್ಲಿ ನೀರಿತ್ತು, ಮುಖದಲ್ಲಿ ನಗುವಿತ್ತು. "ಇನ್ನೊಂದು ಕೊಡು."

"ಬೇಡ ಅತ್ತೆ. ಡಾಕ್ಟರು ಹೇಳಿದಾರಲ್ಲ."

"ಡಾಕ್ಟ್ರು ಉಂಡವ್ನೆ. ನೀನೂ ಉಂಡಿದ್ದೀಯ. ನಂಗೆ ಕೊಡು."

ಕೊಟ್ಟೆ.

ಸಂಜೆ ಕೆಮ್ಮು ಹತ್ತಿತು, ಮಾರನೆಯ ದಿನ ಜ್ವರ. ಆಸ್ಪತ್ರೆಯ ಹಾಸಿಗೆಯಿಂದ ಅವರು ಏಳಲಿಲ್ಲ. ವಾರ ಕಳೆಯುವುದರೊಳಗೆ ಎಲ್ಲ ಮುಗಿಯಿತು. ಐಸಿಯು ಹೊರಗಿನ ಕುರ್ಚಿಗಳ ಮುಂದೆ ನಿಂತು ನಮ್ಮ ಮನೆಯವರು ಒಂದೇ ಮಾತು ಕೇಳಿದ್ದರು. "ಯಾಕೆ ಕೊಟ್ಟೆ?"

"ಕೇಳಿದ್ರು" ಅಂದೆ.

ಅದಾದ ಮೇಲೆ ನಾವು ಆ ವಿಷಯ ಎತ್ತಲಿಲ್ಲ. ಸಂಸಾರವೇನೂ ನಿಲ್ಲಲಿಲ್ಲ. ತಿಥಿಗಳು, ಬಾಡಿಗೆಯವರು, ಸಿರಿಯ ಪರೀಕ್ಷೆ, ಎಲ್ಲ ನಡೆಯಿತು. ಹುಟ್ಟುಹಬ್ಬಕ್ಕೆ ಬೇಕರಿಯ ಕೇಕು ಬರುತ್ತಿತ್ತು. ಅದನ್ನು ಕತ್ತರಿಸುವ ಹೊತ್ತಿಗೆ ನಮ್ಮ ಮನೆಯವರಿಗೆ ಯಾವುದೋ ಫೋನು ಬರುತ್ತಿತ್ತು. ನನಗೆ ಕೊಟ್ಟದ್ದಕ್ಕೆ ಪಶ್ಚಾತ್ತಾಪವಿರಲಿಲ್ಲ; ಆದರೆ ಅದನ್ನು ಒಬ್ಬಳೇ ಹೊತ್ತುಕೊಂಡಿರಬೇಕಾಗಿತ್ತು.

ಭಾನುವಾರ ನಾನು ಲಟ್ಟಣಿಗೆ ಹಿಡಿದು ಹಾಗೇ ನಿಂತಿದ್ದಾಗ ಅವರು ನೀರು ಕುಡಿಯಲು ಬಂದರು. ಕಟ್ಟೆಯ ಮೇಲಿನ ಬಿಸ್ಕತ್ತಿನ ಪೊಟ್ಟಣ ನೋಡಿದರು. ಹೊರಟುಹೋಗುತ್ತಾರೆ ಅಂದುಕೊಂಡೆ. ಲೋಟ ಕೈಯಲ್ಲೇ ಇತ್ತು.

"ಅಮ್ಮ ಮೊದ್ಲು ನನ್ನನ್ನ ಕೇಳಿದ್ಲು" ಎಂದರು.

"ಏನನ್ನ?"

"ಒಂದು ತುತ್ತು ಮುದ್ದೆ. ಟ್ಯೂಬ್ ಹಾಕಿದ್ಮೇಲೆ. ನುಂಗಿ ಸಾಯ್ತೀನಿ ಕೊಡೋ ಅಂದ್ಲು. ನಾನು ಎದ್ದು ಹೊರಗೆ ಹೋದೆ. ಹೋಟ್ಲಲ್ಲಿ ಕೂತು ಹೊಟ್ಟೆ ತುಂಬ ತಿಂದೆ ಕಣೇ ಅವತ್ತು."

"ಇಷ್ಟು ವರ್ಷ ಯಾಕೆ ಹೇಳ್ಲಿಲ್ಲ?"

"ಹೇಳಿದ್ರೆ ಬೈಯೋಕೆ ನನ್ನ ಬಿಟ್ಟು ಯಾರೂ ಉಳೀತಿರ್ಲಿಲ್ಲ."

ಇಂಥ ಮಾತು ಕೇಳಿದರೆ ಎದೆ ಹಗುರಾಗುತ್ತದೆಂದು ನೀವು ಅಂದುಕೊಳ್ಳಬಹುದು. ನನಗೆ ಬಂದದ್ದು ಸಿಟ್ಟು. ಲಟ್ಟಣಿಗೆಯನ್ನು ಕಟ್ಟೆಯ ಮೇಲೆ ಕುಕ್ಕಿದೆ. ಹೊಡೆದಿಟ್ಟಿದ್ದ ಕ್ರೀಮಿನ ಪಾತ್ರೆ, ಬಿಸ್ಕತ್ತಿನ ಪುಡಿ ಎರಡನ್ನೂ ಅವರ ಮುಂದೆ ತಳ್ಳಿ, "ನೀವೇ ಬೆರೆಸಿ" ಅಂದೆ.

ಅವರು ಲೋಟ ಕೆಳಗಿಟ್ಟು, ಕೈ ತೊಳೆದು, ಬೆರೆಸಿದರು. ಅಂಥ ಕೆಟ್ಟ ಬೆರೆಸುವಿಕೆಯನ್ನು ನಾನು ನೋಡಿಲ್ಲ. ಪುಡಿಯೆಲ್ಲ ಒಂದೇ ಕಡೆ ಸೇರಿಕೊಂಡಿತು. ಸರಿಮಾಡಲು ಹೋಗದೆ ಹಾಗೇ ಕೇಕಿನ ಪದರಗಳ ನಡುವೆ ಹರಡಿದೆ.

ಸಂಜೆ ಸಿರಿ ಕೇಕು ಕತ್ತರಿಸುವಾಗ ಫೋನು ನಿಜಕ್ಕೂ ಬಂತು. ಅವರು ಅದನ್ನು ಬೋರಲು ಹಾಕಿದರು. ಸಿರಿ ಮೊದಲ ತುಂಡನ್ನು ಅಪ್ಪನ ಬಾಯಿಗೇ ಇಟ್ಟು, "ಹೆಂಗಿದೆ?" ಅಂದಳು.

ಅವರು ನುಂಗಲು ಬಹಳ ಹೊತ್ತು ತೆಗೆದುಕೊಂಡರು. "ಗಂಟು ಗಂಟಾಗಿದೆ" ಎಂದರು.

ನನಗೆ ತಡೆಯಲಾಗದಷ್ಟು ನಗು ಬಂತು. ನಗುತ್ತಲೇ ಪಾತ್ರೆ ತೊಳೆಯುವ ನೆಪ ಮಾಡಿಕೊಂಡು ಹಿತ್ತಲಿಗೆ ಹೋಗಿ, ನಲ್ಲಿ ತಿರುಗಿಸಿ, ಅತ್ತೆ ಸತ್ತ ದಿನ ಅಳಲಾಗದ್ದನ್ನೆಲ್ಲ ಅಲ್ಲಿ ಕೂತು ಅತ್ತು ಮುಗಿಸಿದೆ.