ಶಹಾಪುರದ ದಾರಿಯಲ್ಲಿ ಬಂದ ಫೋನು

ಇದು ನಡೆದದ್ದು. ನಂಬದವರು ಇಲ್ಲಿಗೇ ಬಿಡಿ, ನಿಮ್ಮನ್ನು ಓಲೈಸುವ ದರ್ದು ನನಗಿಲ್ಲ. ಸುರಪುರದಲ್ಲಿ ಭೌತಶಾಸ್ತ್ರ ಕಲಿಸುವವನು ನಾನು. ದೆವ್ವದ ಕತೆ ಹೇಳುವವರನ್ನು ಕಂಡರೆ ಮೈಯೆಲ್ಲ ಉರಿಯುತ್ತದೆ.

ಆ ರಾತ್ರಿ ತವರಿಗೆ ಹೋಗಿದ್ದ ಅಕ್ಕನಿಗೆ ಶಹಾಪುರದ ಆಸ್ಪತ್ರೆಯಲ್ಲಿ ಹೆರಿಗೆ ನೋವು. ಪರಿಸ್ಥಿತಿ ನಾಜೂಕು ಎಂದು ಅವ್ವ ಫೋನ್ ಮಾಡಿದ್ದಳು. ಗೊಬ್ಬರದ ಅಂಗಡಿ ಇಟ್ಟಿದ್ದ ಅಕ್ಕನ ಗಂಡನನ್ನು, ಅಂದರೆ ಮಾವನನ್ನು, ಬೈಕಿನ ಹಿಂದೆ ಕೂರಿಸಿಕೊಂಡು ಹೊರಟೆ. ಹೆದರಿಕೆಗೆ ಅವರು ಬಾಯಿ ಮುಚ್ಚಲೇ ಇಲ್ಲ.

ಊರು ಹತ್ತಿರವಾದಂತೆ ಬೆಳದಿಂಗಳಲ್ಲಿ ಬುದ್ಧ ಮಲಗಿದ ಬೆಟ್ಟ ಕಂಡಿತು. ಹಣೆ, ಮೂಗು, ಎದೆ... ಮಾವ ನಮ್ಮ ಹಳೆಯ ವಾದಕ್ಕೆ ಇಳಿದರು.

“ನೋಡೋ ತಮ್ಮಾ, ಇದು ತಾನಾ ಆಗ್ತದನು? ಮಾಡಿದಾಂವ ಒಬ್ಬ ಅದಾನ, ಬಗೀಹರೀತು. ನೀ ಇಂಥಾ ಲೋಕ ಕೋಟಿಗಟ್ಟಲೆ ಅದಾವ ಅಂತಿ. ಯಾವುದು ಸರಳ?”

ಗೊಬ್ಬರದ ಚೀಲ ಎಣಿಸಿದಂತೆ ಲೋಕ ಎಣಿಸುತ್ತಾರೆ!

“ಎಣಿಕಿ ಕಡಿಮಿ ಆದ್ರ ಸರಳ ಆಗಂಗಿಲ್ರಿ ಮಾವಾ. ಇಷ್ಟೆಲ್ಲಾ ಯೋಚಿಸಿ ಮಾಡಿದಾಂವ ಅದೆಷ್ಟು ತೊಡಕಿನಾಂವ ಇರಬೇಕು? ಗುಡ್ಡ ನೂರಾರು ಅದಾವ, ಒಂದು ಮನಷ್ಯಾನಂಗ ಕಾಣ್ತದ. ಲೋಕಾನೂ ಹಂಗೇ. ನಿಯಮ ಒಂದೇ, ಲೋಕ ಎಲ್ಲಾ ನಮೂನಿವು. ಇಲ್ಲಿ ಆಗದ್ದು ಮತ್ತೊಂದ್ರಾಗ ಆಗಿರ್ತದ.”

“ಅಂದ್ರ... ಯಾವುದೋ ಲೋಕದಾಗ ನಿಮ್ಮಕ್ಕ...?” ಮಾವ ಹಿಂದಿನಿಂದ ನನ್ನ ಹೆಗಲು ಹಿಡಿದುಕೊಂಡರು. ಎಂಥ ಮಾತಾಡಿದೆ ಎಂದು ನಾಲಿಗೆ ಕಚ್ಚಿಕೊಂಡೆ.

ಆಗಲೇ ಫೋನು ಬಡಿದುಕೊಂಡಿತು. ಬೈಕ್ ನಿಲ್ಲಿಸಿ ಪಕ್ಕಕ್ಕೆ ಹೋದೆ. ಗಾಳಿಯಿಲ್ಲ... ಸುತ್ತ ಬರೀ ಹತ್ತಿ ಹೊಲ. ಆದರೂ ಮೂಗಿಗೆ ಆಸ್ಪತ್ರೆಯ ಫಿನಾಯಿಲ್ ವಾಸನೆ ಅಡರಿತು.

“ಅಕ್ಕ ಹೋದ್ಳೋ... ಕೂಸೂ ಉಳೀಲಿಲ್ಲ. ಮಾವಗ ಹೆಂಗ ಹೇಳಲಿ?”

ಫೋನಿನಲ್ಲಿ ಬಿಕ್ಕುತ್ತಿದ್ದ ಆ ದನಿ ನನ್ನದು. ನನ್ನದೇ.

“ಯಾರ್ದೋ ಫೋನು?”

“ರಾಂಗ್ ನಂಬರ್ರಿ...”

ಉಳಿದ ದಾರಿ ಹೇಗೆ ಓಡಿಸಿದೆನೋ ಗೊತ್ತಿಲ್ಲ. ಆಸ್ಪತ್ರೆಯ ಬಾಗಿಲಲ್ಲಿ ಅವ್ವ ನಗುತ್ತಿದ್ದಳು. ಅಕ್ಕ ಸುಸ್ತಾಗಿದ್ದಳು, ಮಗ್ಗುಲಲ್ಲಿ ಹೆಣ್ಣು ಕೂಸು. ಫೋನು ತೆಗೆದು ನೋಡಿದರೆ ಅವ್ವನ ಕರೆ ಬಿಟ್ಟು ಇನ್ನೊಂದು ಬಂದ ಗುರುತೇ ಇಲ್ಲ. “ಮಾಡಿದಾಂವ ಕೈ ಬಿಡಲಿಲ್ಲ ನೋಡು” ಎಂದು ಮಾವ ಕೈ ಮುಗಿದರು.

ಭ್ರಮೆ ಎನ್ನುವ ಜಾಣರು ನನಗೇನೂ ಕಲಿಸಬೇಕಿಲ್ಲ. ಆ ಪಾಠ ನಾನೇ ಮಾಡುತ್ತಿದ್ದೆ. “ನಿನ್ನ ಕೋಟಿ ಲೋಕ ಎಲ್ಲಿಗೆ ಬಂದ್ವೋ?” ಎಂದು ಮಾವ ಈಗಲೂ ಕೆಣಕುತ್ತಾರೆ. ಅವರ ದೇವರನ್ನು ಮುಖದ ಮೇಲೇ ಲೇವಡಿ ಮಾಡುತ್ತಿದ್ದವನು ತಲೆ ತಗ್ಗಿಸುತ್ತೇನೆ. ಅವರ ಪೆದ್ದು ಮಾತೇ ನಿಜವಾಗಲಿ, ಲೋಕ ಒಂದೇ ಇರಲಿ...

ಇಲ್ಲವಾದರೆ, ಫೋನಿನಲ್ಲಿ ಅಳುತ್ತಿದ್ದ ಆ ಇನ್ನೊಬ್ಬ ನಾನು ತನ್ನ ಮಾವನಿಗೆ ಇನ್ನೂ ಹೇಳಿರಲಿಕ್ಕಿಲ್ಲ.