ಮಾಲೀಕರ ಒಪ್ಪಿಗೆ

ನಾರಾಯಣಪೇಟೆ ಜಿಲ್ಲೆಯಾದ ಹೊಸತರಲ್ಲಿ ಊರಿನ ನಕ್ಷೆ ಮಾಡುತ್ತಿದ್ದವರು ನನ್ನ ಮೇಲಧಿಕಾರಿ. ಮಕ್ತಲ್‌ನಿಂದ ಬಸ್ಸಿನಲ್ಲಿ ಬರುತ್ತಿದ್ದರು. ಅವರ ಸಾಫ್ಟ್‌ವೇರಿನಲ್ಲಿ ಒಂದು ರಸ್ತೆಯನ್ನು ಸರಿಸಿದರೆ ಇಡೀ ಊರಿನ ನಕ್ಷೆ ತಾನಾಗಿ ಬದಲಾಗುತ್ತಿತ್ತು. ರಸ್ತೆಗಾಗಿ ಒಡೆಯಬೇಕಾದ ಮನೆಗಳು ಕೆಂಪಾಗುತ್ತಿದ್ದವು. ಯಾರು ಬಂದು ಬೇಡಿಕೊಂಡರೂ ಅವರು ಗದರುತ್ತಿರಲಿಲ್ಲ. ತಾವೇ ಕುರ್ಚಿ ಎಳೆದು ಕೂರಿಸಿ, "ಜರುಗಿಸಿ ನೋಡೋಣ ಬರ್ರಿ" ಎನ್ನುತ್ತಿದ್ದರು.

ಒಂದು ದಿನ ಸೀರೆ ನೇಯುವ ಹೆಂಗಸೊಬ್ಬಳು ಬಂದಳು.

"ಮಗ್ಗದ ಕುಣಿ ಮನಿ ನೆಲದಾಗ ತೋಡೇವ್ರಿ ಸಾರ್. ಅದನ್ನ ಹೆಂಗ ಹೊತ್ಕೊಂಡು ಹೋಗಲಿ?"

ಅವರು ರಸ್ತೆಯನ್ನು ಎಡಕ್ಕೆ ಎಳೆದರು. ಅವಳ ಮನೆಯ ಕೆಂಪು ಅಳಿಯಿತು. ಎದುರಿಗೆ ಇನ್ನೊಂದು ಮನೆ ಕೆಂಪಾಯಿತು.

"ಅದು ಯಾರದ್ರಿ?"

"ನಿಮ್ಮ ಎದುರಿಗಿನ ಮನಿ, ಅಕ್ಕಾ."

"ಅಯ್ಯ, ಅದು ನನ್ನ ತಂಗಿದ್ರಿ! ಬ್ಯಾಡ, ಮೊದಲಿನಂಗ ಮಾಡ್ರಿ."

ಅವರು ಹಾಗೆಯೇ ಮಾಡಿದರು. "ಸೇವ್ ಮಾಡ್ಲೇನಕ್ಕಾ?"

"ಹಂಗಂದ್ರ?"

"ಹಂಗಂದ್ರ, ಇನ್ನ ಇಷ್ಟೇ."

ಅವಳು ಸೆರಗನ್ನು ಬಾಯಿಗೊತ್ತಿಕೊಂಡು ತಲೆಯಾಡಿಸಿದಳು. ಎದ್ದು ಹೋಗುವಾಗ, "ಕುಂದರಿಸಿ ತೋರಿಸಿದ್ರಿ, ಪುಣ್ಯ ಬರಲಿ" ಎಂದು ಕೈಮುಗಿದಳು.

ಬಾಗಿಲವರೆಗೂ ಅವಳನ್ನು ಕಳಿಸಿಬಂದ ಅವರು, ನಕ್ಷೆಯಲ್ಲಿ ಮತ್ತೆ ಕೆಂಪಾಗಿದ್ದ ಅವಳ ಮನೆಯ ಪಕ್ಕ ಷರಾ ಬರೆದರು: ಮಾಲೀಕರ ಒಪ್ಪಿಗೆ ಇದೆ.