ಎರಡನೇ ಕರೆ

ವ್ಯಾಪಾರಕ್ಕೆ ಇಳಿಯುವವರಿಗೆಲ್ಲ ನಾನು ಹೇಳುವ ಮೊದಲ ಮಾತು ಇದು: ದರ ಕುದುರುವ ತನಕ ಮಾರುವವನ ಮನೆಯಲ್ಲಿ ನೀರೂ ಕುಡಿಯಬೇಡಿ. ಮಜ್ಜಿಗೆ ಕುಡಿದ ಬಾಯಲ್ಲಿ 'ಜಾಸ್ತಿ ಆಯ್ತು' ಅನ್ನಲು ಆಗುವುದಿಲ್ಲ. ಕನಕಪುರದ ಸಂತೆಯಲ್ಲಿ ಬರಿಗಾಲಲ್ಲಿ ನಿಂತು, ಇನ್ನೊಬ್ಬರ ಎತ್ತಿನ ಹಗ್ಗ ಹಿಡಿದು ಶುರು ಮಾಡಿದವನು ನಾನು. ಆಮೇಲೆ ದನದ ದಲ್ಲಾಳಿಯಾದೆ. ಈಗ ರಾಮನಗರದಲ್ಲಿ ಹಳೇ ಟ್ರ್ಯಾಕ್ಟರ್ ಕೊಂಡು ಮಾರುತ್ತೇನೆ. ಈ ನಿಯಮ ನನಗೆ ಬಹಳ ಕೊಟ್ಟಿದೆ. ಒಮ್ಮೆ ಮಾತ್ರ ಕಿತ್ತುಕೊಂಡಿದೆ.

ದನ ನೋಡುವುದನ್ನು ಕಲಿಸಿದವರು ಕೋಡಿಹಳ್ಳಿ ಕಡೆಯ ಒಬ್ಬ ರೈತರು, ಕ್ರೈಸ್ತರು. ಆಗ ನಾವಿದ್ದದ್ದು ಅವರ ಪಕ್ಕದ ಊರಲ್ಲಿ. ನನಗಿಂತ ಬಹಳ ದೊಡ್ಡವರಾದರೂ ಅಣ್ಣ ಅನ್ನುತ್ತಿದ್ದೆ. ಎತ್ತಿನ ಹಲ್ಲು ಎಣಿಸುವುದು, ಗೊರಸು ತಟ್ಟಿ ನೋಡುವುದು, ಟವಲ್ ಮರೆಯಲ್ಲಿ ಬೆರಳು ಹಿಡಿದು ದರ ಹೇಳುವುದು ಎಲ್ಲ ಅವರದೇ ಪಾಠ. "ಕೊಳ್ಳಾಕೆ ಮುಂಚೆ ನೊಗ ಹೂಡಿ ನಾಕು ಸಾಲು ಉತ್ತು ನೋಡು. ನೋಡ್ದೆ ಕೊಂಡೋನು ದಲ್ಲಾಳಿ ಅಲ್ಲ ಕಣ್ಲಾ, ದಡ್ಡ" ಎನ್ನುತ್ತಿದ್ದರು.

ನಮ್ಮ ಕಡೆ ಊಟಕ್ಕೆ ಎರಡು ಸಲ ಕರೆಯುತ್ತಿದ್ದರು. ವಾರ ಮುಂಚೆ ಮನೆಯವರೇ ಬಂದು, "ಒಲೆ ಹಚ್ಬ್ಯಾಡಿ, ಮನೆಮಂದಿಯೆಲ್ಲ ಬರ್ಬೇಕು" ಅನ್ನುವುದು ಮೊದಲನೆಯದು. ಊಟದ ದಿನ ಅಡುಗೆ ಇಳಿದ ಮೇಲೆ ಮನೆಮನೆಗೆ ಜನ ಕಳಿಸಿ, "ಎಲೆ ಹಾಕವ್ರೆ, ಏಳಿ" ಅನ್ನುವುದು ಎರಡನೆಯದು. ಅದು ಬರುವ ಮುಂಚೆ ಮರ್ಯಾದಸ್ಥರು ಏಳುತ್ತಿರಲಿಲ್ಲ; ಬಂದ ಮೇಲೆ ಕೂರುತ್ತಿರಲಿಲ್ಲ. ಬಿಳಿ ಪಂಚೆ ಉಟ್ಟು, ಜಗಲಿಯ ಮೇಲೆ ಹಸಿದುಕೊಂಡು ಆ ಕರೆಗೆ ಕಾಯುತ್ತಿದ್ದೆವಲ್ಲ, ಆ ಹಸಿವಿನ ರುಚಿ ಈಗಿನ ಯಾವ ಹೋಟೆಲಿನಲ್ಲೂ ಸಿಕ್ಕಿಲ್ಲ.

ಅಣ್ಣ ಹೊಸ ಮನೆ ಕಟ್ಟಿಸಿ ಊಟಕ್ಕೆ ಕರೆದರು. ಬರುತ್ತೇನೆ ಅಂದೆ. ಆದರೆ ಅದೇ ತಿಂಗಳು ನಮ್ಮಿಬ್ಬರ ನಡುವೆ ಒಂದು ವ್ಯಾಪಾರದ ಮಾತು ನಡೆದಿತ್ತು. ಮಂಡಿನೋವಿನಿಂದ ಉಳಲಾಗದೆ ಅವರು ತಮ್ಮ ಎತ್ತಿನ ಜೋಡಿ ಮಾರಬೇಕೆಂದಿದ್ದರು. ಬೂದು ಬಣ್ಣ, ಒಂದೇ ಅಚ್ಚಿನ ಕೊಂಬು. ಜೀವನವೆಲ್ಲ ಬೇರೆಯವರ ಎತ್ತಿಗೆ ಹಗ್ಗ ಹಿಡಿದವನಿಗೆ ಇದೊಂದು ಜೋಡಿ ನನ್ನದಾಗಲಿ ಎಂಬ ಆಸೆ. ಅದರ ಜೊತೆಗೇ ದರ ಇನ್ನೊಂದಿಷ್ಟು ಇಳಿಯಲಿ ಎಂಬ ಆಸೆ.

ಭಾನುವಾರ ಮಧ್ಯಾಹ್ನ ಅವರ ಅಳಿಯ ಬೈಕಿನಲ್ಲಿ ಬಂದ. "ಮಾವ ಎಲೆ ಹಾಕ್ಸವ್ರೆ, ಏಳ್ಬೇಕಂತೆ."

ದರ ತೀರ್ಮಾನವಾಗಿರಲಿಲ್ಲ. ಉಂಡರೆ ಸೋತೆ ಅನ್ನಿಸಿತು. "ಅಕ್ಕೂರಿನಾಗೆ ಒಂದು ಜೋಡಿ ಕೊಂಡ್ಬುಟ್ಟಿದೀನಪ್ಪ, ಹೂಡಿ ನೋಡ್ಬೇಕು. ಬೇಜಾರು ಮಾಡ್ಕಬ್ಯಾಡಿ ಅನ್ನು" ಎಂದು ಕಳಿಸಿಬಿಟ್ಟೆ.

ಒಳಗಿನಿಂದ ನನ್ನ ಹೆಂಡತಿ, "ಒಲೇನೇ ಹಚ್ಚಿಲ್ಲ. ಅಕ್ಕೂರಿನ ಎತ್ತು ಬಂದು ಮುದ್ದೆ ತೊಳಸ್ತವಾ?" ಅಂದಳು. ಅವತ್ತು ಇಬ್ಬರೂ ಕಡ್ಲೆಪುರಿ ತಿಂದು ಮಲಗಿದೆವು.

ಮುಂದಿನ ಸಂತೆಯಲ್ಲಿ ಅಣ್ಣ ಸಿಕ್ಕರು. "ಅಕ್ಕೂರಿನ ಜೋಡಿ ಹೆಂಗವೆಲಾ?"

"ಪರ್ವಾಗಿಲ್ಲ ಅಣ್ಣ."

"ಕೊಂಡ್ಮೇಲೆ ಹೂಡಿ ನೋಡ್ದಾ? ನಾನು ಕಲ್ಸಿದ್ದು ಹಂಗಾ?"

ನನ್ನ ಸುಳ್ಳು ಸಿಕ್ಕಿಬಿತ್ತು. ಅವರು ಟೀ ಕುಡಿಸುತ್ತಾ ನಕ್ಕರು. "ನಮ್ಮ ಬೈಬಲ್ಲಾಗೂ ನಿನ್ನಂಗೇ ಒಬ್ಬ ಅವ್ನೆ ಕಣ್ಲಾ. ಅವನು ಐದು ಜೋಡಿ ಅಂದ, ನೀನು ಒಂದೇ ಅಂದೆ. ಅವನಿಗಿಂತ ನೀನೇ ವಾಸಿ."

ಆಮೇಲೆ ಯೇಸು ಹೇಳಿದ ಆ ಕತೆ ಹೇಳಿದರು. ಒಬ್ಬ ಯಜಮಾನ ದೊಡ್ಡ ಊಟ ಮಾಡಿಸಿ, ಮೊದಲೇ ಕರೆದಿದ್ದವರಿಗೆ ಎರಡನೇ ಕರೆ ಕಳಿಸಿದ. ಒಬ್ಬ, ಹೊಲ ಕೊಂಡಿದ್ದೇನೆ, ಹೋಗಿ ನೋಡಬೇಕು ಅಂದ. ಇನ್ನೊಬ್ಬ, ಐದು ಜೋಡಿ ಎತ್ತು ಕೊಂಡಿದ್ದೇನೆ, ಹೂಡಿ ನೋಡಬೇಕು ಅಂದ. ಮತ್ತೊಬ್ಬ, ಈಗ ತಾನೇ ಮದುವೆಯಾಗಿದ್ದೇನೆ ಅಂದ. ನನಗೆ ನಗು ಬಂತು. "ನೋಡ್ದೆ ಯಾರಣ್ಣ ಹೊಲ ಕೊಳ್ತಾರೆ?"

"ಕರೆದೋನಿಗೂ ಅದು ಗೊತ್ತಿತ್ತು. ಅದ್ಕೇ ಸಿಟ್ಟು ಬಂತು. ಬೀದೀಲಿದ್ದ ಬಡವ್ರು, ಕುಂಟ್ರು, ಕುರುಡ್ರು ಎಲ್ರನ್ನೂ ಕರ್ಸಿ ಕೂರ್ಸ್ದ. ಆಮೇಲೂ ಜಾಗ ಉಳ್ದಿತ್ತಂತೆ. ಬೇಲಿ ಪಕ್ಕದಲ್ಲಿರೋರ್ನೂ ಕರ್ಕಂಡು ಬನ್ನಿ ಅಂದ."

ಕತೆ ಕೇಳಿಯೂ ನನ್ನ ಬುದ್ಧಿ ಹೋಗಲಿಲ್ಲ. "ಅದ್ಸರಿ ಅಣ್ಣ, ನಿಮ್ಮ ಎತ್ತು?"

ಅವರು ಟೀ ಲೋಟ ಕೆಳಗಿಟ್ಟರು. "ಅವತ್ತು ಊಟ ಆದ್ಮೇಲೆ ಹಗ್ಗ ನಿನ್ನ ಕೈಗೇ ಕೊಡಾನ ಅಂತಿದ್ದೆ, ನೀನು ಹೇಳಿದ್ದ ದರಕ್ಕೇ. ನೀನು ಬರ್ನಿಲ್ಲ. ಬೇರೇರ ಹೊಲ ಪಾಲಿಗೆ ಉಳೋ, ಕಾಲೆಳೀತಾ ನಡೆಯೋ ಆ ಪಾಲುಗಾರ ಇಲ್ವಾ, ರಸ್ತೇಲಿ ಹೋಯ್ತಿದ್ದ. ಅಳಿಯ ಕರ್ಕಂಡು ಬಂದ. ನಿನ್ನ ಎಲೆ ಮುಂದೆ ಕೂತು ಉಂಡ. ಅವನಿಗೇ ಕೊಟ್ಟೆ."

ನಾನು ಕೇಳಿದೆ: "ಹಂಗಾದ್ರೆ ನಿಮ್ಮನೇಲಿ ನನ್ನ ಜಾಗ ಹೋಯ್ತಾ?"

"ಎತ್ತು ಹೋದೋ. ಜಾಗ ಯಾಕ್ಲಾ ಹೋದದು? ಕ್ರಿಸ್ಮಸ್ಸಿಗೆ ಕರೀತೀನಿ."

ಕರೆದರು. ಆ ದಿನ ಎರಡನೇ ಕರೆಗೆ ಯಾರನ್ನೂ ಕಳಿಸದೆ, ಮಂಡಿನೋವಿಟ್ಟುಕೊಂಡೇ ತಾವೇ ಮೊಪೆಡ್ಡಿನಲ್ಲಿ ಬಂದರು. ನನ್ನ ಜಗಲಿಯಲ್ಲಿ ಮಾಗಡಿಯ ಗಿರಾಕಿಯೊಬ್ಬ ಕೂತಿದ್ದ. ಒಂದು ಜೋಡಿ ಹೋರಿಗೆ ಮಾತು ಇನ್ನೇನು ಮುಗಿಯುವುದರಲ್ಲಿತ್ತು.

"ಎಲೆ ಹಾಕವ್ರೆ, ಏಳ್ಲಾ" ಅಂದರು ಅಣ್ಣ.

"ನೀವು ಹೋಗ್ಬುಟ್ಟು ಬನ್ನಿ" ಅಂದ ಗಿರಾಕಿ. "ಅಷ್ಟ್ರಲ್ಲಿ ನಾನು ಬಿಡದಿ ಕಡೆ ಒಂದು ಜೋಡಿ ನೋಡ್ಕಬತ್ತೀನಿ." ಅದರರ್ಥ ನನಗೆ ಗೊತ್ತಿತ್ತು. ಹೋದವನು ಬರುವುದಿಲ್ಲ.

ಆದರೂ ಎದ್ದೆ. ಅಣ್ಣ ಗಿರಾಕಿಯ ಕಡೆ ತಿರುಗಿ, "ನಿಮಗೂ ಹೊಟ್ಟೆ ಐತಲ್ಲ, ಬನ್ನಿ" ಅಂದರು. ಪಾಪ, ಅವನೂ ಎದ್ದ. ಬರಿಗೈಲಿ ಹೋಗಲಾಗದೆ ನಾನು ಒಂದು ಗೊನೆ ಬಾಳೆಹಣ್ಣು ಹೊತ್ತುಕೊಂಡು ಹೋದೆ. ಅಣ್ಣ ಅದನ್ನು ಇಸಿದುಕೊಂಡು, ಮೊದಲ ಹಣ್ಣು ನನ್ನ ಎಲೆಗೇ ಇಟ್ಟರು. ಮುದ್ದೆ, ಕೋಳಿ ಸಾರು. ನನ್ನ ಒಂದು ಪಕ್ಕ ಆ ಪಾಲುಗಾರ, ಇನ್ನೊಂದು ಪಕ್ಕ ಮಾಗಡಿಯವನು. ಊಟವಾದ ಮೇಲೆ ಹೋರಿಯ ದರ ಒಂದೇ ಮಾತಿಗೆ ಮುಗಿಯಿತು. ಎಳೆದಾಡಲು ಇಬ್ಬರಿಗೂ ಬಾಯಿ ಬರಲಿಲ್ಲ.

ನಾನು ನನ್ನ ಮತ ಬಿಟ್ಟವನಲ್ಲ, ಅವರೂ ಬಿಡು ಅಂದವರಲ್ಲ. ಆದರೆ ದೇವರ ಜೊತೆಗೂ ನಾನು ಟವಲ್ ಮರೆಯಲ್ಲಿ ಬೆರಳು ಹಿಡಿದೇ ಬದುಕಿದ್ದೆ: ನೀನು ಇದು ಮಾಡು, ನಾನು ಅದು ಕೊಡುತ್ತೇನೆ. ಅವನು ಸುಮ್ಮನೆ ಊಟಕ್ಕೆ ಕರೆಯಬಹುದು ಎಂದು ತೋಚಿರಲೇ ಇಲ್ಲ. ಕತೆಯ ಆ ಮೂವರೂ ಕೆಟ್ಟ ಕೆಲಸಕ್ಕೆ ಹೋದವರಲ್ಲ. ಹೊಲ, ಎತ್ತು, ಹೆಂಡತಿ ಎಲ್ಲ ಒಳ್ಳೆಯವೇ. ನೆಪಕ್ಕೆ ಯಾವಾಗಲೂ ಒಳ್ಳೆಯ ಕೆಲಸವೇ ಸಿಗುತ್ತದೆ. ಅದಕ್ಕೇ ಅದು ನೆಪ ಅಂತ ನಮಗೇ ಗೊತ್ತಾಗುವುದಿಲ್ಲ. ಕೇಳುವವರಿಗೆ ಈಗ ನನ್ನ ನಿಯಮದ ಜೊತೆ ಇನ್ನೊಂದು ಮಾತು ಸೇರಿಸುತ್ತೇನೆ: ಪ್ರೀತಿಯಿಂದ ಕರೆದ ಕಡೆ ದರ ಕೇಳಬೇಡಿ, ಎದ್ದುಬಿಡಿ.

ಈಗ ಎತ್ತೂ ಇಲ್ಲ, ಟವಲ್ ವ್ಯಾಪಾರವೂ ಇಲ್ಲ. ಮೊದಲ ಕರೆ ಮೊಬೈಲಿಗೆ ಚಿತ್ರವಾಗಿ ಬರುತ್ತದೆ, ಎರಡನೇ ಕರೆ ಯಾರೂ ಕರೆಯುವುದಿಲ್ಲ. ಅಣ್ಣ ಒಬ್ಬರು ಬಿಟ್ಟಿಲ್ಲ. ಹೋದ ಕ್ರಿಸ್ಮಸ್ಸಿಗೂ ಮಧ್ಯಾಹ್ನ ಫೋನು ಬಂತು. ಸ್ವರ ಕುಗ್ಗಿದೆ, ಮಾತು ಅದೇ: "ಎಲೆ ಹಾಕವ್ರೆ, ಏಳ್ಲಾ." ನಾವು ಆಗಲೇ ಅವರ ಊರಿನ ದಾರಿಯಲ್ಲಿ ಕನಕಪುರ ದಾಟಿದ್ದೆವು.

ಫೋನ್ ಇಟ್ಟ ಮೇಲೆ ಪಕ್ಕದಲ್ಲಿದ್ದ ನನ್ನ ಹೆಂಡತಿ ಕೇಳಿದಳು: "ಅಕ್ಕೂರಿನ ಎತ್ತು ಹೆಂಗವೆ ಅಂತ ಕೇಳ್ನಿಲ್ವಾ?"